ಕರೆಂಟ್ ಮುಗಿದು ಹತ್ತು ದಿನ ಆಯಿತು, ಅಪ್ಪನಿಗೆ ಗುಟುಕು ನೀರೂ ಇಳಿಯುತ್ತಿಲ್ಲ

ಪ್ರಶ್ನೆ: ನಮ್ಮದು ಮಂಡ್ಯ ಕಡೆಯ ಹಳ್ಳಿ. ಅಪ್ಪನಿಗೆ 62 ವರ್ಷ, ಬೇಸಾಯ ಮಾಡುವವರು. ಮೂವತ್ತು ವರ್ಷ ಬೀಡಿ ಸೇದಿದ್ದಾರೆ. ಧ್ವನಿ ಒಡೆದು ನಾಲ್ಕು ತಿಂಗಳಾದ ಮೇಲೆ ತೋರಿಸಿದೆವು. ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಮೂರನೇ ಹಂತ ಅಂದರು. 35 ಕರೆಂಟ್ (ರೇಡಿಯೇಷನ್) ಕೊಟ್ಟರು, ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ. ಮುಗಿದು ಹತ್ತು ದಿನ ಆಗಿದೆ. ಕಡಿಮೆ ಆಗುವ ಬದಲು ನೋವು ಜಾಸ್ತಿ ಆಗಿದೆ. ಎಂಜಲು ನುಂಗುವುದಕ್ಕೂ ಕಣ್ಣಲ್ಲಿ ನೀರು ಬರುತ್ತದೆ. 64 ಕೆ.ಜಿ. ಇದ್ದವರು 55ಕ್ಕೆ ಇಳಿದಿದ್ದಾರೆ. ಮೂಗಿನ ಟ್ಯೂಬನ್ನು ತೆಗೆಸು ಅಂತ ಸನ್ನೆ ಮಾಡುತ್ತಾರೆ. ಕಿವಿಯಲ್ಲಿ ಗುಂಯ್ ಅನ್ನುತ್ತದಂತೆ. ನೆಂಟರು ‘ಒಳಗೆಲ್ಲ ಸುಟ್ಟುಹಾಕಿದ್ದಾರೆ’ ಅನ್ನುತ್ತಾರೆ. ಅಲುಗಾಡುವ ಒಂದು ಹಲ್ಲನ್ನು ಈಗಲೇ ಕೀಳಿಸಿಬಿಡಿ ಅಂತಲೂ ಹೇಳುತ್ತಿದ್ದಾರೆ. ಮುಂದೆ ಕೊರಳಲ್ಲಿ ತೂತು ಮಾಡಬೇಕಾಗುತ್ತದಾ? ಅಪ್ಪ ಸ್ಲೇಟಿನ ಮೇಲೆ ಬರೆದು ಕೇಳಿದ್ದು ಮಾತ್ರ ಒಂದೇ: ‘ಮುದ್ದೆ ಯಾವಾಗ ಉಣ್ಣಬಹುದು?’

ಉತ್ತರ: ನಿಮ್ಮನ್ನು ಹೆಚ್ಚು ಹೆದರಿಸಿರುವ ಮಾತಿನಿಂದಲೇ ಶುರು ಮಾಡುತ್ತೇನೆ. ಕರೆಂಟ್ ಮುಗಿದ ಮೇಲೆ ಜಾಸ್ತಿ ಆಗಿರುವುದು ಚಿಕಿತ್ಸೆ ಕೆಟ್ಟಿದ್ದರಿಂದ ಅಲ್ಲ. ಕೊನೆಯ ದಿನದ ನಂತರದ ಒಂದೆರಡು ವಾರಗಳೇ ಎಲ್ಲಕ್ಕಿಂತ ಕಷ್ಟದ ವಾರಗಳು. ನಿಮ್ಮ ತಂದೆ ಈಗ ಸರಿಯಾಗಿ ಅಲ್ಲೇ ಇದ್ದಾರೆ. ಇದನ್ನು ಮನೆಗೆ ಕಳಿಸುವ ದಿನವೇ ಕೂರಿಸಿ ಹೇಳಬೇಕು. ಎಷ್ಟೋ ಕಡೆ ಆ ಒಂದು ಮಾತು ತಪ್ಪಿಹೋಗುತ್ತದೆ. ‘ಮುಗೀತು, ಇನ್ನು ಆರಾಮ’ ಅಂದುಕೊಂಡು ಹೋದವರು ಊರಲ್ಲಿ ಗಾಬರಿ ಬೀಳುತ್ತಾರೆ.

ನಮ್ಮ ಕಡೆ ಎಲ್ಲರೂ ಕರೆಂಟ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅದು ವಿದ್ಯುತ್ ಅಲ್ಲ. ಎಕ್ಸ್‌ರೇ ಜಾತಿಯದೇ ಕಿರಣ, ಆದರೆ ಬಹಳ ಬಲವಾದದ್ದು. ಸುಡುವುದೂ ಅಲ್ಲ. ಬಾಯಿ, ಗಂಟಲಿನ ಒಳಪದರ ಪ್ರತಿ ಒಂದೆರಡು ವಾರಕ್ಕೆ ಹೊಸದಾಗುತ್ತಾ ಇರುತ್ತದೆ. ಮೇಲಿನದು ಸವೆದಂತೆ ಕೆಳಗಿನಿಂದ ಹೊಸದು ಬರುತ್ತದೆ. ಕಿರಣ ಬಿದ್ದಾಗ ಆ ಹೊಸದು ಬರುವುದು ನಿಧಾನವಾಗುತ್ತದೆ, ಸವೆಯುವುದು ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಎರಡನೇ, ಮೂರನೇ ವಾರದಲ್ಲಿ ಹುಣ್ಣು ಶುರುವಾಗಿ ಏರುತ್ತಾ ಹೋಗುತ್ತದೆ. ಯಂತ್ರ ನಿಂತ ದಿನವೇ ಪದರ ಮತ್ತೆ ಬೆಳೆದುಬಿಡುವುದಿಲ್ಲ ಅಲ್ವಾ? ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಕೀಮೋ ಜೊತೆಗಿದ್ದವರಿಗೆ, ಬೀಡಿ ಸೇದಿದವರಿಗೆ, ತೂಕ ಇಳಿದವರಿಗೆ ಇನ್ನೂ ಸ್ವಲ್ಪ ಜಾಸ್ತಿ ದಿನ ಹಿಡಿಯುತ್ತದೆ.

ಈಗ ನೋವಿನ ಬಗ್ಗೆ. ನೋವು ತಡೆದುಕೊಳ್ಳುವುದು ಶೌರ್ಯ ಅಲ್ಲ. ನೋವಿದ್ದರೆ ನುಂಗುವುದಿಲ್ಲ, ನುಂಗದಿದ್ದರೆ ಮುಂದೆ ದೊಡ್ಡ ತೊಂದರೆ (ಅದನ್ನು ಕೆಳಗೆ ಹೇಳುತ್ತೇನೆ). ಟ್ರಮಡಾಲ್ ಎಂಬ ನೋವಿನ ಔಷಧಿ ಸಾಲದಿದ್ದರೆ ಮಾರ್ಫಿನ್ ಕೊಡುತ್ತೇವೆ. ‘ಮಾರ್ಫಿನ್ ಅಂದರೆ ಕೊನೆಗಾಲದ್ದು’ ಎಂಬ ಭಯ ಬೇಡ. ಈ ಹುಣ್ಣಿನ ನೋವಿಗೆ ನಾಲ್ಕಾರು ವಾರ ಕೊಟ್ಟು ಮೆಲ್ಲಗೆ ಇಳಿಸಿ ನಿಲ್ಲಿಸುತ್ತೇವೆ. ಮಲ ಗಟ್ಟಿಯಾಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಜೊತೆಗಿರಲಿ. ಒಂದು ಎಚ್ಚರಿಕೆ: ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಬ್ರೂಫೆನ್ ತಂದು ಕೊಡಬೇಡಿ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಆಗಲೇ ಪೆಟ್ಟು ಕೊಟ್ಟಿರಬಹುದು. ನೀರು ಕಡಿಮೆ ಕುಡಿಯುವ ಮನುಷ್ಯನಿಗೆ ಈ ಮಾತ್ರೆಗಳು ಇನ್ನೊಂದು ಪೆಟ್ಟು. ಈ ವಾರ ಒಮ್ಮೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತಿಳಿಸುವುದು), ಸೋಡಿಯಂ, ಪೊಟ್ಯಾಸಿಯಂ ನೋಡಿಸಿ.

ಬಾಯಿ ಮುಕ್ಕಳಿಸುವುದು ಸಣ್ಣ ಕೆಲಸ ಅನಿಸುತ್ತದೆ, ಆದರೆ ಹುಣ್ಣು ಮಾಯುವುದಕ್ಕೆ ಬಹಳ ಸಹಾಯ ಮಾಡುತ್ತದೆ. ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ಎದ್ದಿರುವಾಗ ಎರಡು ಗಂಟೆಗೊಮ್ಮೆ. ಅಂಟಂಟಾದ ಲೋಳೆ ಇದರಿಂದ ಬಿಡುತ್ತದೆ. ಅಂಗಡಿಯ ಉರಿಯುವ ಮೌತ್‌ವಾಶ್ ಬೇಡ. ನಾಲಿಗೆ, ಕೆನ್ನೆಯ ಒಳಗೆ ಮೊಸರಿನ ಕೆನೆಯ ಹಾಗೆ ಬಿಳಿ ಪೊರೆ ಕಂಡರೆ ಅದು ಬೂಷ್ಟಿನ ಸೋಂಕು ಇರಬಹುದು. ಡಾಕ್ಟರಿಗೆ ತೋರಿಸಿ, ಮಾತ್ರೆ ಅಥವಾ ಹನಿ ಔಷಧಿಗೆ ಕೆಲವೇ ದಿನಗಳಲ್ಲಿ ಹೋಗುತ್ತದೆ. ‘ಹುಣ್ಣೇ ಹೀಗಿರಬೇಕು’ ಅಂತ ಸುಮ್ನೆ ಬಿಟ್ಟವರು ಅನ್ಯಾಯವಾಗಿ ಎರಡು ವಾರ ಹೆಚ್ಚು ನರಳುತ್ತಾರೆ. ಕತ್ತಿನ ಚರ್ಮ ಕಪ್ಪಾಗಿ ಸುಲಿದಿದ್ದರೆ ಅರಿಶಿನ, ಬ್ಲೇಡು, ಬಿಗಿ ಕಾಲರು ಮೂರನ್ನೂ ದೂರ ಇಡಿ. ಡಾಕ್ಟರು ಬರೆದ ಮುಲಾಮು, ಮೆತ್ತನೆಯ ಹತ್ತಿ ಪಂಚೆ ಸಾಕು. ಚರ್ಮ ಬೇಗ ಮಾಯುತ್ತದೆ, ಅದರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ.

ಚಿಂತೆ ಇರುವುದು ನುಂಗುವುದರ ಬಗ್ಗೆ. ಈ ಉತ್ತರದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಟ್ಯೂಬ್ ಇದ್ದರೂ ನುಂಗುವುದನ್ನು ನಿಲ್ಲಿಸಬಾರದು.

ನಾವು ಒಂದು ಗುಟುಕು ನೀರು ನುಂಗುವಾಗ ಕೈಯನ್ನು ಗಂಟಲ ಮೇಲಿಟ್ಟು ನೋಡಿ. ಗಂಟಲ ಗಡ್ಡೆ ಮೇಲಕ್ಕೆ ಹಾರಿ ಕೆಳಗೆ ಬರುತ್ತದೆ. ಆ ಒಂದು ಕ್ಷಣದಲ್ಲಿ ನಾಲಿಗೆಯ ಬುಡ ಹಿಂದಕ್ಕೆ ತಳ್ಳುತ್ತದೆ, ಧ್ವನಿಪೆಟ್ಟಿಗೆ ಮೇಲೇರುತ್ತದೆ, ಮುಚ್ಚಳ ಬಿದ್ದು ಶ್ವಾಸನಾಳ ಬಂದ್ ಆಗುತ್ತದೆ, ಅನ್ನನಾಳದ ಬಾಗಿಲು ತೆರೆಯುತ್ತದೆ. ಕರೆಂಟ್ ಬಿದ್ದ ಸ್ನಾಯುಗಳು ಮೊದಲು ಊದಿಕೊಳ್ಳುತ್ತವೆ. ಆಮೇಲೆ ತಿಂಗಳು, ವರ್ಷಗಳಲ್ಲಿ ಒಳಗೆ ಗಟ್ಟಿ ನಾರು ಬೆಳೆದು ಬಿಗಿಯಾಗುತ್ತವೆ. ಕೈ ಮುರಿದು ಆರು ವಾರ ಪ್ಲಾಸ್ಟರ್ ಹಾಕಿದ ಮೇಲೆ ಮೊಣಕೈ ಬಗ್ಗದೆ ಇರುತ್ತದಲ್ಲ, ಹಾಗೇ ಆರು ವಾರ ನುಂಗದ ಗಂಟಲೂ ಬಗ್ಗುವುದಿಲ್ಲ. ಕ್ಯಾನ್ಸರ್ ಪೂರ್ತಿ ಹೋಗಿದ್ದರೂ ಜೀವನವಿಡೀ ಟ್ಯೂಬಿನಲ್ಲೇ ಉಳಿದ ಕೆಲವರನ್ನು ನಾನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಟ್ಯೂಬ್ ಹಾಕಿದ ದಿನದಿಂದ ಬಾಯಿಯನ್ನು ಪೂರ್ತಿ ಮುಚ್ಚಿಬಿಟ್ಟವರು.

ಹಾಗಂತ ನಾಳೆಯೇ ಲೋಟ ಎತ್ತಿ ಕುಡಿಸಬೇಡಿ. ನೀರು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯಬಹುದು. ಸಾಮಾನ್ಯರಿಗೆ ಹಾಗಾದರೆ ತಕ್ಷಣ ಕೆಮ್ಮು ಬರುತ್ತದೆ. ಕರೆಂಟ್ ಆದವರಲ್ಲಿ ಗಂಟಲಿನ ಅರಿವು ಮಂಕಾಗಿ ಕೆಮ್ಮೇ ಬರದೆ ಇರಬಹುದು. ಅದೇ ಅಪಾಯ. ಕುಡಿದ ಮೇಲೆ ಧ್ವನಿ ಗುಳುಗುಳು ಅಂದರೆ, ಸಂಜೆ ಹೊತ್ತು ಮೈ ಬೆಚ್ಚಗಾಗುತ್ತಿದ್ದರೆ, ಕಫ ಜಾಸ್ತಿಯಾದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿದೆ ಅಂತ ಅನುಮಾನ ಪಡಿ. ಇದನ್ನು ನೋಡುವುದಕ್ಕೆ ಪರೀಕ್ಷೆ ಇದೆ. ಬೇರಿಯಂ ಕಲಸಿದ ತುತ್ತು ನುಂಗಿಸಿ ಎಕ್ಸ್‌ರೇ ವಿಡಿಯೊ ತೆಗೆಯುತ್ತಾರೆ, ಅಥವಾ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ. ನಿಮಗೆ ಮೈಸೂರು ಹತ್ತಿರ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಮಾತು, ಕಿವಿ ಮಾತ್ರ ಅಲ್ಲ, ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಕಿವಿ ಪರೀಕ್ಷೆಯೂ ಅಲ್ಲೇ ಆಗುತ್ತದೆ. ಒಂದೇ ಸಲ ಎರಡೂ ಕೆಲಸ ಮುಗಿಸಿಕೊಳ್ಳಿ.

ಅಲ್ಲಿಗೆ ಹೋಗುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಇದೆ. ನೋವಿನ ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು, ನೇರವಾಗಿ ಕೂತು, ಬಾಯಿ ಒದ್ದೆ ಮಾಡಿಕೊಂಡು ಎಂಜಲನ್ನೇ ಗಟ್ಟಿಯಾಗಿ ನುಂಗಬೇಕು. ದೊಡ್ಡ ಮಾತ್ರೆ ಸಿಕ್ಕಿಹಾಕಿಕೊಂಡಾಗ ಬಲ ಹಾಕಿ ನುಂಗುತ್ತೇವಲ್ಲ, ಹಾಗೆ. ಆಮೇಲೆ ನಾಲಿಗೆಯ ತುದಿಯನ್ನು ಮುಂದಿನ ಹಲ್ಲುಗಳ ನಡುವೆ ಮೆಲ್ಲಗೆ ಹಿಡಿದುಕೊಂಡು ಎಂಜಲು ನುಂಗಬೇಕು. ಈ ಎರಡನೆಯದನ್ನು ಆಹಾರ, ನೀರಿನ ಜೊತೆ ಯಾವತ್ತೂ ಮಾಡಬಾರದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ವಾರ ಮೂರು ಸಲಕ್ಕೇ ಸುಸ್ತಾದರೂ ಪರವಾಗಿಲ್ಲ. ಬಾಯಿ ತೆರೆಯುವುದನ್ನೂ ದಿನಾ ನೋಡಿ: ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಹಲ್ಲಿನ ನಡುವೆ ಹಿಡಿಯಬೇಕು. ಎರಡೇ ಹಿಡಿದರೆ ದವಡೆ ಬಿಗಿಯುತ್ತಿದೆ ಅಂತ ಅರ್ಥ. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಇದು ಕಡಿಮೆ, ಟಾನ್ಸಿಲ್ ಭಾಗಕ್ಕೆ ಕರೆಂಟ್ ಬಿದ್ದವರಲ್ಲಿ ಜಾಸ್ತಿ.

ಇನ್ನು ಟ್ಯೂಬ್. ತೆಗೆಸಬೇಡಿ, ಈಗಲೇ ಬೇಡ. 64ರಿಂದ 55 ಅಂದರೆ ಮೈತೂಕದ ಏಳನೇ ಒಂದು ಭಾಗ ಹೋಗಿದೆ. ಅವರಿಗೆ ಸಿಟ್ಟು ಬರುವುದು ಸಹಜ. ಮೂಗಲ್ಲಿ ನಳಿಗೆ ಇಟ್ಟುಕೊಂಡು ಊರವರ ಮುಂದೆ ಜಗಲಿ ಮೇಲೆ ಕೂರುವುದು ಯಾರಿಗೆ ತಾನೇ ಇಷ್ಟ? ಆದರೆ ಹುಣ್ಣು ಮಾಯಬೇಕಾದರೆ ಒಳಗೆ ಸರಕು ಬೇಕು. ದಿನಕ್ಕೆ ಸುಮಾರು 1,800ರಿಂದ 2,000 ಕ್ಯಾಲೊರಿ, 70 ಗ್ರಾಂ ಆಸುಪಾಸು ಪ್ರೊಟೀನ್. ಒಂದು ಲೋಟ ಹಾಲಲ್ಲಿ 8 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೊಟೀನ್ ಇರುತ್ತದೆ, ಲೆಕ್ಕ ಹಾಕಿ. ಬರೀ ಎಳನೀರು, ಬೇಳೆಕಟ್ಟಿನ ತಿಳಿ ಕೊಟ್ಟು ‘ಟ್ಯೂಬಲ್ಲಿ ಹೊಟ್ಟೆ ತುಂಬಾ ಹಾಕಿದ್ದೀವಿ ಡಾಕ್ಟ್ರೇ’ ಅನ್ನುವವರು ಬಹಳ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ರಾಗಿ ಹಿಟ್ಟನ್ನು ಹಾಲಲ್ಲಿ ತೆಳ್ಳಗೆ ಕಾಯಿಸಿ ಒಂದು ಚಮಚ ತುಪ್ಪ ಹಾಕಿ ಸೋಸಿ ಕೊಡಿ. ಬೇಯಿಸಿದ ಹೆಸರುಬೇಳೆ, ಅನ್ನ, ಬೇಯಿಸಿದ ಮೊಟ್ಟೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಸೋಸಿ ಕೊಡಿ. ಒಂದು ಸಲಕ್ಕೆ 200ರಿಂದ 250 ಎಂ.ಎಲ್., ಎರಡು ಮೂರು ಗಂಟೆಗೊಮ್ಮೆ. ಕೂರಿಸಿಯೇ ಕೊಡಬೇಕು, ಆದ ಮೇಲೆ ಅರ್ಧ ಮುಕ್ಕಾಲು ಗಂಟೆ ಮಲಗಿಸಬಾರದು. ಕೊನೆಗೆ 30 ಎಂ.ಎಲ್. ನೀರು ಬಿಟ್ಟು ಟ್ಯೂಬ್ ತೊಳೆಯಿರಿ. ಜಾರಿ ಹೊರಗೆ ಬಂದರೆ ನೀವೇ ಒಳಗೆ ತಳ್ಳಬೇಡಿ. ಇನ್ನೂ ತಿಂಗಳುಗಟ್ಟಲೆ ಬೇಕಾಗಬಹುದು ಅನಿಸಿದರೆ ಹೊಟ್ಟೆಗೇ ನೇರವಾಗಿ ಹಾಕುವ ಟ್ಯೂಬ್ ಇದೆ. ಅಂಗಿ ಹಾಕಿದರೆ ಕಾಣುವುದಿಲ್ಲ, ಕೇಳಿ ನೋಡಿ.

ರುಚಿ, ಎಂಜಲು ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತೇನೆ. ರುಚಿ ಎರಡು ಮೂರು ತಿಂಗಳಲ್ಲಿ ಬರಲು ಶುರುವಾಗುತ್ತದೆ, ಪೂರ್ತಿ ಬರುವುದಕ್ಕೆ ಕೆಲವರಿಗೆ ವರ್ಷ ಹಿಡಿಯುತ್ತದೆ. ಎಂಜಲು ಅಷ್ಟು ಪೂರ್ತಿಯಾಗಿ ವಾಪಸ್ ಬರುವುದಿಲ್ಲ. ಬ್ರಿಟನ್ನಿನಲ್ಲಿ ಗಂಟಲ ಕ್ಯಾನ್ಸರಿನವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹಳೆಯ ವಿಧಾನದ ಕರೆಂಟಿನಲ್ಲಿ ವರ್ಷದ ನಂತರವೂ 100ಕ್ಕೆ 74 ಜನಕ್ಕೆ ಬಾಯಿ ಒಣಗುವ ತೊಂದರೆ ಗಣನೀಯವಾಗಿ ಉಳಿದಿತ್ತು. ಎಂಜಲ ಗ್ರಂಥಿಯನ್ನು ತಪ್ಪಿಸಿ ಕಿರಣ ಬಿಡುವ ಐಎಂಆರ್‌ಟಿ ವಿಧಾನದಲ್ಲಿ ಅದು 38ಕ್ಕೆ ಇಳಿಯಿತು. ನಿಮ್ಮ ತಂದೆಗೆ ಯಾವುದು ಕೊಟ್ಟಿದ್ದಾರೆ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಇರುತ್ತದೆ. ಆ ಚೀಟಿ, ಒಟ್ಟು ಎಷ್ಟು ಗ್ರೇ ಕೊಟ್ಟರು ಎಂಬ ಲೆಕ್ಕ (ಗ್ರೇ ಅಂದರೆ ಕಿರಣದ ಪ್ರಮಾಣದ ಅಳತೆ, ಬಹುಶಃ 70 ಇರುತ್ತದೆ), ಎರಡನ್ನೂ ಜೀವನಪೂರ್ತಿ ಜೋಪಾನವಾಗಿ ಇಡಿ. ಯಾಕೆ ಅಂತ ಹಲ್ಲಿನ ಮಾತು ಬಂದಾಗ ತಿಳಿಯುತ್ತದೆ.

ಕಿವಿಯ ಗುಂಯ್ ಸಿಸ್‌ಪ್ಲಾಟಿನ್‌ದು. ಒಳಕಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೇ ಹೋದ ಕೇಳುವಿಕೆ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಮೊದಲು ಹೋಗುವುದು ಕೀರಲು ಸದ್ದುಗಳು: ಹಕ್ಕಿ ಕೂಗು, ಮೊಬೈಲ್ ರಿಂಗು, ಮಕ್ಕಳ ಮಾತು. ಮುಂದೆ ಯಾವ ಕಾಯಿಲೆಗೆ ಹೋದರೂ ಸಿಸ್‌ಪ್ಲಾಟಿನ್ ಆಗಿದೆ ಎಂದು ಡಾಕ್ಟರಿಗೆ ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್ನುಗಳು ಅದೇ ಕಿವಿಗೆ, ಅದೇ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು ಕೊಡುತ್ತವೆ.

ಹಲ್ಲು. ದಯವಿಟ್ಟು ಈಗಲೇ ಕೀಳಿಸಬೇಡಿ. ಕರೆಂಟ್ ಬಿದ್ದ ದವಡೆಯ ಮೂಳೆಗೆ ರಕ್ತ ಓಡಾಟ ಕಡಿಮೆಯಾಗಿರುತ್ತದೆ. ಹಲ್ಲು ಕಿತ್ತ ಗುಳಿ ಮಾಯದೆ, ಮೂಳೆ ಸಾಯುತ್ತಾ ಹೋಗಬಹುದು. ಒಬ್ಬ ಹೆಣ್ಣುಮಗಳು, ನಾಲಿಗೆ ಬುಡದ ಕ್ಯಾನ್ಸರ್ ವಾಸಿಯಾಗಿ ವರ್ಷ ದಾಟಿತ್ತು. ಊರಿನ ಕ್ಲಿನಿಕ್ಕಿನಲ್ಲಿ ಒಂದು ದವಡೆ ಹಲ್ಲು ಕೀಳಿಸಿಕೊಂಡರು. ಕರೆಂಟಿನ ವಿಷಯ ಅವರು ಹೇಳಲಿಲ್ಲ, ಅಲ್ಲಿ ಯಾರೂ ಕೇಳಲಿಲ್ಲ. ನಾಲ್ಕು ತಿಂಗಳ ನಂತರ ನನ್ನ ಮುಂದೆ ಕೂತಾಗ ಕೆನ್ನೆಯ ಹೊರಗೇ ಸಣ್ಣ ತೂತಾಗಿ ಕೀವು ಒಸರುತ್ತಿತ್ತು, ಬಾಯೊಳಗೆ ಹಳದಿ ಮೂಳೆ ಬೆರಳಿಗೆ ತಾಗುತ್ತಿತ್ತು. ಕ್ಯಾನ್ಸರ್ ಗೆದ್ದವರು ಹಲ್ಲಿಗೆ ಸೋತರು ಅನಿಸಿ ನನಗೆ ಅವತ್ತು ಬಹಳ ಸಂಕಟವಾಯಿತು. ಕೀಳಬೇಕಾದ ಹಲ್ಲನ್ನು ಕರೆಂಟ್ ಶುರುವಾಗುವ ಎರಡು ಮೂರು ವಾರ ಮೊದಲೇ ಕೀಳಿಸಬೇಕಿತ್ತು, ಆ ಕಾಲ ನಿಮಗೆ ಮುಗಿದಿದೆ. ಧ್ವನಿಪೆಟ್ಟಿಗೆಗೆ ಕೊಡುವಾಗ ದವಡೆಗೆ ಬೀಳುವುದು ಕಡಿಮೆ, ಆದ್ದರಿಂದ ನಿಮ್ಮ ತಂದೆಗೆ ಅಪಾಯವೂ ಕಡಿಮೆ ಇರಬಹುದು. ಆದರೆ ಆ ಹಲ್ಲಿನ ಜಾಗಕ್ಕೆ ಎಷ್ಟು ಗ್ರೇ ಬಿದ್ದಿದೆ ಅಂತ ಕರೆಂಟ್ ಕೊಟ್ಟ ಡಾಕ್ಟರೇ ಹೇಳಬೇಕು. ದಂತವೈದ್ಯರು ಅವರ ಜೊತೆ ಮಾತಾಡಿದ ಮೇಲೆಯೇ ಕೈ ಹಾಕಲಿ. ಉಳಿದ ಹಲ್ಲಿಗೆ ಮೆತ್ತನೆ ಬ್ರಶ್, ಡಾಕ್ಟರು ಬರೆದ ಫ್ಲೋರೈಡ್ ಪೇಸ್ಟ್ ಇರಲಿ. ಎಂಜಲು ಕಡಿಮೆಯಾದ ಬಾಯಲ್ಲಿ ಹುಳುಕು ಬಹಳ ಬೇಗ ಹತ್ತುತ್ತದೆ.

ನೀವು ಕೇಳದ ಒಂದು ವಿಷಯ: ಥೈರಾಯ್ಡ್. ಅದು ಧ್ವನಿಪೆಟ್ಟಿಗೆಗೆ ಅಂಟಿಕೊಂಡಂತೆಯೇ ಇರುವ ಗ್ರಂಥಿ, ಕಿರಣದ ದಾರಿಯಲ್ಲೇ ಸಿಗುತ್ತದೆ. ಮುಂದಿನ ವರ್ಷಗಳಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಅದು ಸೋಮಾರಿಯಾಗುತ್ತದೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಚಿಕಿತ್ಸೆ ಮುಗಿದ ಎರಡನೇ ವರ್ಷ ಹಗಲೆಲ್ಲ ಕಂಬಳಿ ಹೊದ್ದು ಮಲಗತೊಡಗಿದರು. ಮುಖ ಊದಿತು, ಮಾತು ಎಳೆದ ಹಾಗಾಯಿತು. ಕ್ಯಾನ್ಸರ್ ತಿರುಗಿ ಬಂತು ಅಂತ ಮನೆಯವರು ಅಳುತ್ತಾ ಕರೆತಂದರು. ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಪೂರ್ತಿ ಮಲಗಿತ್ತು. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅಷ್ಟೇ. ಮೂರು ತಿಂಗಳ ನಂತರ ಅವರೇ ಬಸ್ ಹತ್ತಿ ಒಬ್ಬರೇ ಬಂದಿದ್ದರು. ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ಮಾಡಿಸಿ. ಮರೆಯದ ಹಾಗೆ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ.

ಎರಡು ಮೂರು ತಿಂಗಳಾದ ಮೇಲೆ ತಲೆ ಬಗ್ಗಿಸಿದಾಗ ಬೆನ್ನಲ್ಲಿ ಶಾಕ್ ಹೊಡೆದ ಹಾಗೆ ಜುಂ ಅನ್ನಬಹುದು. ಡಾಕ್ಟರಿಗೆ ಹೇಳಿ, ಆದರೆ ಗಾಬರಿ ಬೇಡ. ಸಾಮಾನ್ಯವಾಗಿ ತಾನೇ ಹೋಗುತ್ತದೆ. ಗದ್ದದ ಕೆಳಗೆ ಬೆಳಗ್ಗೆ ಹೊತ್ತು ಜೋತುಬಿದ್ದ ಹಾಗೆ ಊತ ಬರುವುದೂ ಇದೆ. ಅದಕ್ಕೆ ಮೆಲ್ಲಗೆ ನೀವುವ ಕ್ರಮವನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ.

ಆದರೆ ಕೆಲವಕ್ಕೆ ಬೆಳಗಾಗುವುದನ್ನು ಕಾಯಬಾರದು. ಉಸಿರು ಎಳೆಯುವಾಗ ಗೊರಗೊರ ಅಥವಾ ಸೀಟಿಯ ಸದ್ದು ಬಂದರೆ ಧ್ವನಿಪೆಟ್ಟಿಗೆ ಊದಿ ದಾರಿ ಮುಚ್ಚುತ್ತಿದೆ ಅಂತ ಅರ್ಥ, ಆ ಕ್ಷಣವೇ ಹೊರಡಿ. ಜ್ವರ 100.4 ಡಿಗ್ರಿ ದಾಟಿದರೆ, ಬಾಯಿಂದ ಅಥವಾ ಕೊರಳಿಂದ ಹಸಿ ರಕ್ತ ಬಂದರೆ, ವಾಂತಿಯಾಗಿ ದಿನವಿಡೀ ಮೂತ್ರ ಆಗದಿದ್ದರೆ ಕೂಡ. ಕೀಮೋ ಆದವರಿಗೆ ಜ್ವರ ಅಂದರೆ ಬರೀ ಜ್ವರ ಅಲ್ಲ. ಬಿಳಿ ರಕ್ತಕಣ ಇಳಿದಿದ್ದರೆ ಒಂದೇ ರಾತ್ರಿಯಲ್ಲಿ ಸೋಂಕು ಮೈಗೆಲ್ಲ ಹರಡಬಹುದು.

ಕೊರಳಲ್ಲಿ ತೂತು ಮಾಡುತ್ತಾರಾ ಅಂತ ಕೇಳಿದ್ದೀರಿ. ನಿಮ್ಮ ತಂದೆಗೆ ಕರೆಂಟ್, ಕೀಮೋ ಕೊಟ್ಟದ್ದೇ ಧ್ವನಿಪೆಟ್ಟಿಗೆ ಉಳಿಸುವುದಕ್ಕೆ. ಅಮೆರಿಕದಲ್ಲಿ 332 ಜನರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನ ಈ ದಾರಿ ತೋರಿಸಿತು: ಕೀಮೋ, ಕರೆಂಟ್ ಪಡೆದವರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಧ್ವನಿಪೆಟ್ಟಿಗೆ ಉಳಿಯಿತು, ಬದುಕುಳಿಯುವ ಲೆಕ್ಕ ಆಪರೇಷನ್ ಆದವರಷ್ಟೇ ಇತ್ತು. ಕ್ಯಾನ್ಸರ್ ಹೋಗಿದೆಯಾ ಎಂದು ನೋಡುವ ಪೆಟ್ ಸ್ಕ್ಯಾನ್ ಸುಮಾರು 12 ವಾರದ ನಂತರ. ಮೊದಲೇ ಮಾಡಿಸಿದರೆ ಊತವೇ ಕ್ಯಾನ್ಸರಿನ ಹಾಗೆ ಹೊಳೆಯುತ್ತದೆ. ಉಳಿದಿದ್ದರೆ ಅಥವಾ ಮರಳಿ ಬಂದರೆ ಮಾತ್ರ ಪೆಟ್ಟಿಗೆ ತೆಗೆಯುವ ಮಾತು. ಆಗ ಕೊರಳಿನ ತೂತಿನಿಂದಲೇ ಉಸಿರಾಟ, ಕೆರೆ ಹೊಳೆಯಲ್ಲಿ ಇಳಿಯುವ ಹಾಗಿಲ್ಲ. ಕರೆಂಟ್ ಆದ ಜಾಗದ ಗಾಯ ಮಾಯುವುದು ನಿಧಾನ, ಎಂಜಲು ಪಕ್ಕಕ್ಕೆ ಸೋರುವುದೂ ಉಂಟು. ಆದರೂ ಮಾತು ಹೋಗಲೇಬೇಕು ಅಂತಿಲ್ಲ. ಶ್ವಾಸನಾಳ, ಅನ್ನನಾಳದ ನಡುವೆ ಒಂದು ಸಣ್ಣ ಕವಾಟ ಕೂರಿಸಿ ಮಾತಾಡಿಸುತ್ತೇವೆ. ವಿದೇಶಿ ಕವಾಟಕ್ಕೆ ಸಾವಿರಾರು ರೂಪಾಯಿ ಆಗುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಡಾ. ವಿಶಾಲ್ ರಾವ್ ‘ಓಂ’ ಎಂಬ ಕವಾಟವನ್ನು ಸುಮಾರು 50 ರೂಪಾಯಿಗೆ ಸಿಗುವ ಹಾಗೆ ಮಾಡಿದರು.

ಬೀಡಿ? ಮತ್ತೆ ಮುಟ್ಟಲೇಬಾರದು. ಮಾಯುವುದು ತಡವಾಗುತ್ತದೆ, ಎರಡನೇ ಕ್ಯಾನ್ಸರಿಗೂ ಅದೇ ದಾರಿ. ಮನೆಯಲ್ಲಿ ಬೇರೆಯವರು ಸೇದುತ್ತಿದ್ದರೆ ಅವರಿಗೂ ಈ ಮಾತು.

ಈಗ ನಿಮ್ಮ ತಂದೆಯ ಸ್ಲೇಟಿಗೆ ಉತ್ತರ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಇಡೀ ತುತ್ತೇ ಜಾರಿಸಿ ನುಂಗುತ್ತೇವೆ. ಅದಕ್ಕೇ ಗಂಟಲು ಪೂರ್ತಿ ಸಜ್ಜಾಗಿರಬೇಕು. ನುಂಗುವ ಪರೀಕ್ಷೆಯಲ್ಲಿ ಸರಿ ಅಂದ ಮೇಲೆ ಮೊದಲು ಗಂಜಿಯಷ್ಟು ಮಂದ ಇರುವುದನ್ನು ಚಮಚದಲ್ಲಿ ಕೊಡಿ. ಮಂದ ಇರುವುದು ನೀರಿಗಿಂತ ನಿಧಾನವಾಗಿ ಇಳಿಯುತ್ತದೆ, ದಾರಿ ತಪ್ಪುವುದು ಕಡಿಮೆ. ಆಮೇಲೆ ಮಿದ್ದ ಮೊಸರನ್ನ, ಇಡ್ಲಿ ಸಾರಲ್ಲಿ ನೆನೆಸಿದ್ದು. ಅದು ಕೆಮ್ಮಿಲ್ಲದೆ ಇಳಿದ ಮೇಲೆ ಮುದ್ದೆ. ಯಾವಾಗಲೂ ಮಾಡುವುದಕ್ಕಿಂತ ಮೆತ್ತಗೆ ತೊಳಸಿ, ತುತ್ತು ಕಡಲೆಬೀಜದಷ್ಟೇ ಇರಲಿ, ಸೊಪ್ಪಿನ ಸಾರು ಧಾರಾಳವಾಗಿ ಇರಲಿ. ಖಾರ ಬೇಡ, ಬಿಸಿ ಬೇಡ. ಒಂದು ತುತ್ತಿಗೆ ಎರಡು ಸಲ ನುಂಗಲಿ, ಮಾತಾಡುತ್ತಾ ಉಣ್ಣುವುದು ಬೇಡ, ಟಿ.ವಿ. ಆರಿಸಿ. ಕೆಲವರಿಗೆ ಇದೆಲ್ಲ ಮೂರು ತಿಂಗಳಲ್ಲಿ ಆಗುತ್ತದೆ, ಕೆಲವರಿಗೆ ಆರು. ಮುಂದಿನ ಸಲ ತೋರಿಸಲು ಹೋಗುವಾಗ ಒಂದು ಡಬ್ಬಿಯಲ್ಲಿ ಗಂಜಿ, ಒಂದು ಚಮಚ ತೆಗೆದುಕೊಂಡು ಹೋಗಿ. ಡಾಕ್ಟರ ಮುಂದೆಯೇ ಅವರು ಮೂರು ಚಮಚ ನುಂಗಲಿ. ಕಾಗದ ನೋಡಿ ಹೇಳುವುದಕ್ಕಿಂತ ಅದನ್ನು ನೋಡಿ ಹೇಳುವುದು ನಮಗೂ ಸುಲಭ.